ಎಣ್ಣೆ ಹಚ್ಚಿದ ಬೋರ್ಡ್

"ಅಜ್ಜಿ, ಇದ್ಕೆ ಎಣ್ಣಿ ಹಚ್ಚಿದ್ದ್ ಯಾರ್?"

ಚಂದನಾಳ ಕೈಯಲ್ಲಿ ಅಂಗೈಯಗಲದ ಹಸಿರು ಬೋರ್ಡ್ ಇತ್ತು. ಅದರ ಅಂಚಿನ ತಾಮ್ರದ ಹಲ್ಲುಗಳೆಲ್ಲ ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದವು. ತೆಂಗಿನೆಣ್ಣೆಯ ವಾಸನೆ ಮೂಗಿಗೇ ಬಡಿಯುತ್ತಿತ್ತು.

ಅಡುಗೆಮನೆಯಿಂದ ಅಜ್ಜಿ ಕುಸುಮಾವತಿ ಬಂದರು. "ನಾನೇ ಮಗಾ. ಉಪ್ಪು ಗಾಳಿಗೆ ತುಕ್ಕ್ ಹಿಡಿತ್ತ್ ಅಂದಿದ್ದೆ ಅಲ್ದಾ ನೀನ್? ನನ್ ಮೀನಿನ ಕತ್ತಿಗೂ ಹಂಗೇ ಹಚ್ಚುದ್."

ದೊಡ್ಡ ಉಪಕಾರ ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು. ಚಂದನಾಳಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಐಸ್ ಪ್ಲಾಂಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಅಶೋಕ್ ಚಿಕ್ಕಪ್ಪ, ಮುಂಬೈಯ ಗುಜರಿ ಅಂಗಡಿಯಿಂದ ಒಂದು ಹಳೇ ಕಂಪ್ಯೂಟರ್ ತಂದಿದ್ದರು. ಅವರು ಹುಟ್ಟುವುದಕ್ಕೂ ಮೊದಲಿನದು. ನೋಡಲು ಬರೀ ಕೀಬೋರ್ಡ್. ಟಿವಿಗೆ ಸಿಕ್ಕಿಸಿದರೆ ಮಾತ್ರ ಅದಕ್ಕೆ ಜೀವ. ಚಂದನಾ ಅದರಲ್ಲಿ ಒಂದು ಗೇಮ್ ಬರೆದಿದ್ದಳು. ಮೀನು ತುಂಬಿದ ದೋಣಿ ಗಂಗೊಳ್ಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ ದಾಟಿ ದಡಕ್ಕೆ ಬರಬೇಕು, ಅಷ್ಟೇ.

ಆದರೆ ಆ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ವಾಟ್ಸ್‌ಆ್ಯಪ್ ಫೋಟೋಗೂ ಜಾಗವಿರಲಿಲ್ಲ. ಅಲೆ, ಬಂಡೆ, ದೋಣಿ ಎಲ್ಲ ಬಿಡಿಸುವಷ್ಟರಲ್ಲಿ ಅದು 'ಮೆಮೊರಿ ಫುಲ್' ಎಂದು ತೋರಿಸಿ ಸುಮ್ಮನಾಗುತ್ತಿತ್ತು. ದೋಣಿ ನಡುನೀರಿನಲ್ಲೇ ಬಾಕಿ.

ಅದಕ್ಕೇ ಈ ಬೋರ್ಡ್. ಇದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮೆಮೊರಿ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಮಾಡಬೇಕು. ತಂತಿಗಳನ್ನೆಲ್ಲ ಚಿಕ್ಕಪ್ಪ ಬೆಸುಗೆ ಹಾಕಿದ್ದರು. ಚಿಪ್ ಕೂರಿಸುವ ಕೆಲಸವನ್ನು ಚಂದನಾ ಹಠ ಮಾಡಿ ತಾನೇ ತೆಗೆದುಕೊಂಡಿದ್ದಳು. ನಿನ್ನೆ ಆ ಕೆಲಸ ಮುಗಿಯುವಾಗಲೇ ಕರೆಂಟ್ ಹೋಗಿದ್ದರಿಂದ, ಹಾಕಿ ನೋಡಲು ಆಗಿರಲಿಲ್ಲ. ನಾಳೆಯೇ ಶಾಲೆಯ ವಿಜ್ಞಾನ ಪ್ರದರ್ಶನ. ಇವತ್ತು ನೋಡಿದರೆ ಬೋರ್ಡಿಗೆ ಎಣ್ಣೆಸ್ನಾನ!

ಬಟ್ಟೆಯಲ್ಲಿ ಒರೆಸಿ ಬೋರ್ಡನ್ನು ಸಿಕ್ಕಿಸಿದಳು. ಗೇಮನ್ನು ಉಳಿಸಿಟ್ಟಿದ್ದ ಹಳೇ ಟೇಪ್ ಕ್ಯಾಸೆಟ್ಟಿನಿಂದ ಅದು ಲೋಡ್ ಆಗಬೇಕು. ಅದು ಕಿರ್ರೋ ಎನ್ನುತ್ತಾ ಮುಗಿಯುವ ತನಕ ಉಗುರು ಕಚ್ಚುತ್ತಾ ಕೂತಳು. ದೋಣಿ ಹೊರಟಿತು. ಅಳಿವೆಯ ಹತ್ತಿರ ಬಂತು. ನಿಂತಿತು. ಮೆಮೊರಿ ಫುಲ್.

"ಕಂಡ್ಯಾ ಅಜ್ಜಿ? ಎಲ್ಲಾ ಹಾಳ್ ಮಾಡ್ದೆ ನೀನ್. ಇನ್ ಮೇಲೆ ನನ್ ಸಾಮಾನ್ ಮುಟ್ಬೇಡ. ಹತ್ರವೂ ಬರ್ಬೇಡ."

ಅಜ್ಜಿ ಒದ್ದೆಯಿಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಸಂಜೆ ಚಿಕ್ಕಪ್ಪ ಬಂದದ್ದೇ ತಡ, ಚಂದನಾ ಉಪ್ಪುಖಾರ ಸೇರಿಸಿ ಎಲ್ಲವನ್ನೂ ವರದಿ ಮಾಡಿದಳು. ಅವರು ಸ್ಪಿರಿಟ್ ಹಾಕಿ ಹಲ್ಲುಗಳನ್ನು ತಿಕ್ಕಿದರು. ಎಣ್ಣೆಯ ಪಸೆಯೂ ಉಳಿಯಲಿಲ್ಲ. ಆದರೂ ದೋಣಿ ಅಲ್ಲೇ ನಿಂತಿತು.

ಚಿಕ್ಕಪ್ಪ ಗಲ್ಲ ಕೆರೆದುಕೊಂಡರು. ಚಿಪ್‌ಗಳನ್ನು ಒಂದೊಂದಾಗಿ ಕಿತ್ತು ದೀಪಕ್ಕೆ ಹಿಡಿದರು. ಒಂದನ್ನು ಮಾತ್ರ ತುಂಬ ಹೊತ್ತು ನೋಡಿದರು.

"ಚಂದನಾ, ಇಲ್ಲ್ ಕಾಣ್."

ಚಿಪ್‌ನ ಒಂದು ಕಾಲು ತೂತಿಗೆ ಇಳಿಯದೆ ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಒತ್ತುವ ಮೊದಲು ಕಾಲುಗಳನ್ನೆಲ್ಲ ನೋಡಿದೆಯಾ ಎಂದು ಚಿಕ್ಕಪ್ಪ ನಿನ್ನೆ ಕೇಳಿದ್ದರು. ನೋಡಿದ್ದೇನೆ ಅಂದಿದ್ದಳು. ನೋಡಿರಲಿಲ್ಲ. ಆಗಿನ್ನೂ ಕರೆಂಟ್ ಇತ್ತು, ಟಿವಿಯಲ್ಲಿ ಕಾರ್ಟೂನ್ ಶುರುವಾಗುವ ಹೊತ್ತಾಗಿತ್ತು.

ಚಿಕ್ಕಪ್ಪ ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ. ಚಿಮಟದಿಂದ ಕಾಲು ನೆಟ್ಟಗೆ ಮಾಡಿ ಚಿಪ್ ಅನ್ನು ಅವಳ ಕೈಗೇ ಕೊಟ್ಟರು. ಈ ಸಲ ಚಂದನಾ ಎಲ್ಲ ಕಾಲುಗಳನ್ನೂ ನೋಡಿಯೇ ಒತ್ತಿದಳು.

ದೋಣಿ ಹೊರಟಿತು. ಅಳಿವೆ ದಾಟಿತು. ಬಂಡೆಯ ಪಕ್ಕದಲ್ಲಿ ನುಸುಳಿ ದಡಕ್ಕೆ ಬಂದು ನಿಂತಿತು. ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. ಚಂದನಾಳಿಗೆ ಕುಣಿಯಬೇಕು ಅನ್ನಿಸಲಿಲ್ಲ. ಅವಳು ಅಜ್ಜಿಯನ್ನು ಕರೆದಳು.

ಅಜ್ಜಿ ಅಡುಗೆಮನೆಯ ಬಾಗಿಲಿನ ತನಕ ಬಂದು ಅಲ್ಲೇ ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ನಾ ಇಲ್ಲಿಂದ್ಲೇ ಕಾಣ್ತೆ ಮಗಾ. ಚೆಂದ ಇತ್ತ್."

ಅಲ್ಲಿಂದ ಟಿವಿಯ ಬೆನ್ನು ಮಾತ್ರ ಕಾಣುತ್ತದೆ ಎಂದು ಚಂದನಾಳಿಗೆ ಗೊತ್ತಿತ್ತು.

"ಎಣ್ಣಿಯಿಂದ ಹಾಳಾದ್ದಲ್ಲ ಅಜ್ಜಿ. ಚಿಪ್ ಸಮಾ ಕೂರ್ಸಿರ್ಲಿಲ್ಲ. ನಾನೇ."

ಅಜ್ಜಿ ಬೆನ್ನ ಹಿಂದಿನ ಕೈಗಳನ್ನು ಬಿಡಿಸಿದರು.

"ಹೌದಾ? ಹಂಗಾರೆ ಹತ್ರ ಬಂದ್ರ್ ಅಡ್ಡಿಲ್ಯಾ?"

ಚಂದನಾ ಬೆಂಚಿನಲ್ಲಿ ಪಕ್ಕಕ್ಕೆ ಸರಿದಳು. ಅಜ್ಜಿ ಬಂದು ಸರಿಯಾಗಿ ಕುಳಿತ ಮೇಲೆ, ದೋಣಿಯನ್ನು ಮತ್ತೆ ಮೊದಲಿನಿಂದ ಹೊರಡಿಸಿದಳು.