ಹನ್ನೆರಡು ಪ್ರೋಬ್‌ಗಳ ತಕರಾರು

"ನಿಮ್ಮ ಬಫರ್ ಸುಳ್ಳು ಹೇಳ್ತಿದೆ!"

ಅಕ್ಕನ ಬಾಣಂತನಕ್ಕೆಂದು ಹದಿನೈದು ದಿನ ರಜೆ ಹಾಕಿ ಶಾಲೆಯ ಲ್ಯಾಬಿಗೆ ಮರಳಿದವಳಿಗೆ ಸಿಕ್ಕ ಸ್ವಾಗತವಿದು. ಹೇಳಿದವನು ಹೊಸ ಕೆಮಿಸ್ಟ್ರಿ ಮೇಷ್ಟ್ರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದಂಥದ್ದೇ ಮುಖ.

"ಸುಳ್ಳು ಹೇಳೋಕೆ ಅದಕ್ಕೆ ಬಾಯಿಲ್ಲ ಸಾರ್. ನಿಮಗಿದೆ!" ಎಂದಳು ಲ್ಯಾಬ್ ಸಹಾಯಕಿ, ಹೆಗಲಿನ ಬ್ಯಾಗನ್ನೂ ಇಳಿಸದೆ.

ಅವನು ಅವಳು ಮಾಡಿಟ್ಟಿದ್ದ ಬಫರಿನಲ್ಲಿ, ಅಂದರೆ ಪಿಎಚ್ ಏಳರಲ್ಲೇ ನಿಲ್ಲಬೇಕಾದ ದ್ರಾವಣದಲ್ಲಿ, ಪಿಎಚ್ ಮೀಟರಿನ ಪ್ರೋಬ್ ಅದ್ದಿದ. ಮೀಟರ್ ಆರೂವರೆ ಎಂದಿತು. ಆರೂಮುಕ್ಕಾಲು ಎಂದಿತು. ಮತ್ತೆ ಜಾರಿತು. ಹನ್ನೆರಡು ಪ್ರೋಬ್‌ಗಳದ್ದೂ ಇದೇ ಹಾಡು.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು.

"ದ್ರಾವಣ ತಪ್ಪು ಅಂತ ಮೇಷ್ಟ್ರು ಬರೆದುಕೊಟ್ಟಿದ್ದಾರೆ ನೋಡಮ್ಮ. ಲ್ಯಾಬ್ ಬೀಗದ ಕೈ ಅವರಿಗೆ ಕೊಡು. ನೀನು ಆಫೀಸಲ್ಲಿ ಹಾಜರಿ ಪುಸ್ತಕ ನೋಡ್ಕೋ."

ಏಳು ವರ್ಷ ಕೈಯಾರೆ ಕಾಪಾಡಿದ ಲ್ಯಾಬ್... ಒಂದು ಚೀಟಿಗೆ ಬಿಟ್ಟುಕೊಡೋದಾ?

"ಕೊಡಲ್ಲ."

"ಏನಂದೆ?"

"ನಾಳೆ ಮೂರನೇ ಪೀರಿಯಡ್ ಪ್ರಾಕ್ಟಿಕಲ್‌ವರೆಗೂ ಕೊಡಲ್ಲ ಮಿಸ್. ಹನ್ನೆರಡೂ ಸರಿ ಹೇಳದಿದ್ರೆ ನಾನೇ ತಂದು ನಿಮ್ಮ ಮೇಜಿನ ಮೇಲಿಡ್ತೀನಿ!"

ಹೆಡ್‌ಮಿಸ್ ಹೋದದ್ದೇ ತಡ, ಅವಳು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ದನಿ ತೆಗೆದಳು: "ನೋಡಮ್ಮಾ... ಶಿಸ್ತು ಅಂದ್ರೆ ಶಿಸ್ತು!"

ಮೇಷ್ಟ್ರು ಪಕ್ಕನೆ ನಕ್ಕುಬಿಟ್ಟ.

"ನಗಬೇಡಿ! ನಿಮ್ಮ ಮೇಲಿನ ಕೋಪ ಹಾಗೇ ಇದೆ."

ಅವಳು ಒಂದು ಪ್ರೋಬಿನ ತುದಿಗೆ ಹಾಕಿದ್ದ ಪುಟ್ಟ ಟೋಪಿ ಎತ್ತಿ ನೋಡಿದಳು. ಫಳಫಳ ಹೊಳೆಯುತ್ತಿತ್ತು. ಅದರ ಅಂಚನ್ನು ಬೆರಳಲ್ಲಿ ಸವರಿದಳು.

"ಇಲ್ಲಿ ಬಿಳಿ ಪುಡಿ ಕಟ್ಟಿತ್ತಲ್ಲ?"

"ಕೊಳೇನಾ? ನೀವು ರಜೆ ಹೋದ ದಿನವೇ ನಾನು ಬಂದಿದ್ದು. ಅವತ್ತೇ ಎಲ್ಲ ತೊಳೆದು, ಟೋಪಿಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿಟ್ಟೆ" ಎಂದ ಹೆಮ್ಮೆಯಿಂದ.

"ಅಯ್ಯೋ ಪುಣ್ಯಾತ್ಮ! ಅದು ಕೊಳೆಯಲ್ಲ, ಪೊಟ್ಯಾಸಿಯಂ ಕ್ಲೋರೈಡ್! ಪ್ರೋಬಿನ ಒಳಗೂ ಅದೇ ಉಪ್ಪು. ಬರೀ ನೀರಲ್ಲಿಟ್ರೆ ಒಳಗಿಂದು ಸೋರಿಹೋಗುತ್ತೆ. ಹದಿನೈದು ದಿನ ಉಪವಾಸ ಹಾಕಿದ್ದೀರಿ ಇವಕ್ಕೆ!"

ಇಸ್ತ್ರಿ ಮುಖ ಒಮ್ಮೆಲೇ ಮುದುಡಿತು. ಸರ್ರನೆ ಹೊರಗೆ ಹೊರಟುಹೋದ.

*ಓಡಿದ! ತಪ್ಪು ಮಾಡಿ ಓಡಿದ!* ಕಣ್ಣಂಚು ಒದ್ದೆಯಾಯಿತು. ಒರೆಸಿಕೊಂಡು ತಕ್ಕಡಿ ಎಳೆದಳು. ಅರ್ಧ ಲೀಟರಿಗೆ ನೂರಹನ್ನೆರಡು ಗ್ರಾಂ ಉಪ್ಪು. ಕರಗುವವರೆಗೂ ಕಲಕಿದಳು, ಸಿಟ್ಟನ್ನೂ ಸೇರಿಸಿ.

ಅರ್ಧ ಗಂಟೆಯಲ್ಲಿ ಅವನು ಮರಳಿದ. ಕೋಟಿಲ್ಲ, ಅಂಗಿಯ ತೋಳು ಮಡಚಿತ್ತು.

"ತಪ್ಪು ನನ್ನದು ಅಂತ ಹೆಡ್‌ಮಿಸ್‌ಗೆ ಬರೆದುಕೊಟ್ಟೆ. ನಂಬಲಿಲ್ಲ. 'ಅವಳನ್ನ ಉಳಿಸೋಕೆ ನಾಟಕ ಆಡ್ತೀರಾ' ಅಂದ್ರು..."

ಅವಳ ಕೈ ನಿಂತಿತು. *ಇವನು ಓಡಿರಲಿಲ್ಲ...*

"ಟೋಪಿ ಹಿಡ್ಕೊಳ್ಳಿ" ಎಂದಳು ಮೆಲ್ಲಗೆ. ಇಬ್ಬರೂ ಸೇರಿ ಹನ್ನೆರಡು ಟೋಪಿಗಳಿಗೂ ಉಪ್ಪುನೀರು ತುಂಬಿಸಿ, ಪ್ರೋಬ್‌ಗಳನ್ನು ರಾತ್ರಿಯಿಡೀ ನೆನೆಯಲು ಬಿಟ್ಟರು.

ಮರುದಿನ ಮೂರನೇ ಪೀರಿಯಡ್. ಅವಳ ಬಫರ್‌ಗಳಲ್ಲೇ ಪ್ರೋಬ್‌ಗಳನ್ನು ಹೊಂದಿಸಿಯಾಗಿತ್ತು; ಅವು ತಪ್ಪಿದ್ದರೆ ಬೇರೆ ದ್ರಾವಣದಲ್ಲೂ ಮೀಟರ್ ತಪ್ಪು ಹೇಳಬೇಕು. ಕಂಪನಿಯೇ ಮಾಡಿದ ಪಿಎಚ್ ಏಳರ ದ್ರಾವಣದ, ಸೀಲ್ ಒಡೆಯದ ಪ್ಯಾಕೆಟ್ಟನ್ನು ಹೆಡ್‌ಮಿಸ್ ತಾವೇ ಕತ್ತರಿಸಿ ಬೀಕರಿಗೆ ಸುರಿದರು. ಒಂದೊಂದೇ ಪ್ರೋಬ್ ಇಳಿಯಿತು. ಏಳು. ಏಳು. ಏಳು... ಹನ್ನೊಂದೂ ಏಳು!

ಹನ್ನೆರಡನೆಯದು ಮಾತ್ರ ಚೇತರಿಸಿಕೊಳ್ಳಲೇ ಇಲ್ಲ.

ಅವಳು ಸೆರಗಿನಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ತಲೆ ಮಾತ್ರ ತಗ್ಗಲಿಲ್ಲ. "ಹನ್ನೆರಡು ಅಂದಿದ್ದೆ. ಮಾತು ಮಾತೇ. ಆದ್ರೆ ನನ್ನ ದ್ರಾವಣ ಸರಿ ಇತ್ತು ಮಿಸ್!"

"ಅದನ್ನ ಕೊಂದವನು ನಾನು" ಎಂದ ಮೇಷ್ಟ್ರು. "ಆ ಬೀಗದ ಕೈ ನಾನಂತೂ ಮುಟ್ಟಲ್ಲ. ಬೇಕಾದ್ರೆ ನನ್ನನ್ನೇ ಹಾಜರಿ ಪುಸ್ತಕಕ್ಕೆ ಕೂರಿಸಿ!"

ಹೆಡ್‌ಮಿಸ್ ಇಬ್ಬರನ್ನೂ ದುರುಗುಟ್ಟಿ ನೋಡಿದರು. ಬೀಗದ ಕೈಯನ್ನು ಅವಳತ್ತ ತಳ್ಳಿದರು. "ಇಬ್ಬರೂ ಮೊಂಡರೇ! ಮಕ್ಕಳನ್ನ ಒಳಗೆ ಬಿಡಿ."

ಆಮೇಲೆ ಮೂರು ತಿಂಗಳು, ಪ್ರತಿ ಶನಿವಾರ, ಟೋಪಿ ಹಿಡಿಯಲು ಅವನೇ ಬರುತ್ತಿದ್ದ. ಒಂದು ಶನಿವಾರ ಅವನು ಟೋಪಿಯನ್ನು ತಲೆಕೆಳಗಾಗಿ ಹಿಡಿದ; ದ್ರಾವಣವೆಲ್ಲ ಮೇಜಿಗೆ ಚೆಲ್ಲಿತು.

"ಏನಾಯ್ತು ನಿಮಗೆ?"

"ನನ್ನನ್ನ ಮದುವೆ ಆಗ್ತೀರಾ?"

ಅವಳ ಗದ್ದ ಮೇಲೆದ್ದಿತು.

"ಕೆಲಸ ಬಿಡಲ್ಲ."

"ಬಿಡಿ ಅಂದವರ್ಯಾರು?"

"ಬೈಯೋದೂ ಬಿಡಲ್ಲ!"

"ಅದನ್ನ ನಂಬ್ಕೊಂಡೇ ಕೇಳಿದ್ದು."

"ಹಾಗಾದ್ರೆ ಮೊದಲು ಈ 'ನೀವು, ತಾವು' ಬಿಡಿ."

ಅವನು ಕಿವಿಯವರೆಗೂ ಕೆಂಪಾದ. "ನೀನು... ಆಗ್ತೀಯಾ?"

"ಹೂಂ ಕಣೋ" ಎಂದಳು, "ಆಗ್ತೀನಿ."