ನೀರೊಲೆಯ ಬೂದಿ

ಸೆಲೀನಾ ಉರಿಯುವ ನೀರೊಲೆಗೆ ಬರಿಗೈ ಹಾಕಿದಳು. ಹತ್ತಿಕಟ್ಟಿಗೆಯ ನಡುವೆ ಈಚಲ ಗರಿಯ ತುದಿ ಇನ್ನೂ ಕಾಣುತ್ತಿತ್ತು. ಬೆರಳು ತಾಗುವಷ್ಟರಲ್ಲಿ ಅದೂ ಸುರುಟಿ ಕರ್ರಗಾಯಿತು.

"ತಲಿ ಕೆಟ್ಟೈತೇನ್ ಬೇ?" ಅತ್ತೆ ಕನಕಮ್ಮ ಅವಳ ರಟ್ಟೆ ಹಿಡಿದು ಎಳೆದಳು. "ಒಣಗಿದ ಗರಿಗೆ ಯಾರರ ಕೈ ಸುಟ್ಕೋತಾರೇನು?"

"ಗ್ವಾಡಿ ಮ್ಯಾಲಿದ್ದದ್ದು ಯಾಕ ತಗದ್ರೀ ಅತ್ತಿ?"

"ದೇವರ ಮ್ಯಾಲ ಬಾಡಿದ್ದು ಇಡಬಾರದು. ನಮ್ಮ ದೇವರ ಜಗಲಿ ಹೂವ ಮರುದಿನಾನ ತೆಗೀತೀನಿ. ನಿಂದು ವರ್ಷಾತು, ಧೂಳು ಹಿಡದಿತ್ತು. ನೀ ತೆಗೀಲಿಲ್ಲ, ನಾ ತೆಗದೆ."

ಸೆಲೀನಾ ಗೊರೇಬಾಳದ ಈ ಮನೆಗೆ ಬಂದು ಮೂರು ವರ್ಷ. ಅಕ್ಕಿ ಮಿಲ್ಲಿನ ದುರುಗೇಶನನ್ನು ತಾನೇ ಮೆಚ್ಚಿ ಮದುವೆಯಾದವಳು. ದೇವರನ್ನು ಬಿಟ್ಟು ಬಂದಿರಲಿಲ್ಲ. ಜಗಲಿ ಅತ್ತೆಯದು, ಅಡುಗೆಮನೆಯ ಗೋಡೆಯ ಶಿಲುಬೆ ಸೊಸೆಯದು ಎಂದು ಮೊದಲ ದಿನವೇ ಮಾತಾಗಿತ್ತು. ಆದರೂ ಸಂಜೆ ಅವಳು ಜಪಸರ ಹಿಡಿದು ಕೂತರೆ ಕನಕಮ್ಮ ಟಿ.ವಿ. ಸದ್ದು ಏರಿಸುವಳು. "ಕೋಳಿ ಕೊಯ್ದ ದಿನಾನ ನಿನ್ನ ದೇವರಿಗೆ ಉಪವಾಸ ಬರತೈತಿ ನೋಡು," ಎನ್ನುವಳು. ಸೆಲೀನಾ ನಕ್ಕು ಸುಮ್ಮನಾಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಹೋದ ವರ್ಷ ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ, ತವರೂರು ಮಸ್ಕಿಯಲ್ಲಿ, ಕ್ಯಾನ್ಸರಿನಿಂದ ಸೊರಗಿದ ಅವ್ವ ಮಂಚದ ಮೇಲೆ ಕೂತು ಆ ಈಚಲ ಗರಿಯನ್ನು ಶಿಲುಬೆಯಾಗಿ ಮಡಚಿ ಕೊಟ್ಟಿದ್ದಳು. ಮಳೆಗಾಲದಲ್ಲಿ ಅವ್ವ ಹೋದಳು... ಹಳೆಯ ಗರಿಗಳನ್ನು ಬೂದಿ ಬುಧವಾರ ಚರ್ಚಿಗೆ ಮರಳಿಸಬೇಕು. ಅವನ್ನು ಸುಟ್ಟ ಬೂದಿಯನ್ನೇ ಫಾದರ್ ಎಲ್ಲರ ಹಣೆಗೆ ಹಚ್ಚುವರು. ಕೊಡಲೋ ಬೇಡವೋ ಎಂದು ವಾರವೆಲ್ಲ ತೂಗಿ, ಕೊಡದಿದ್ದರೆ ಅವ್ವನೇ ಬೈಯುವಳು ಎಂದು ಈ ಬೆಳಿಗ್ಗೆ ಗಟ್ಟಿ ಮಾಡಿಕೊಂಡಿದ್ದಳು. ಬುಧವಾರ ಇವತ್ತೇ.

ಅವಳು ಬಟ್ಟೆ ಚೀಲಕ್ಕೆ ತುಂಬಿದಳು. "ಸಂಜೀಕ ಸಿಂಧನೂರಾಗ ಪೂಜಿ ಮುಗಿಸಿ ಮಸ್ಕಿಗೆ ಹೊಕ್ಕೀನ್ರಿ. ತಿರುಗಿ ಬರಂಗಿಲ್ಲ."

"ಹೋಗು. ಗರಿ ಸಲುವಾಗಿ ಗಂಡನ್ನ ಬಿಟ್ಟಾಳಂತ ಮಂದಿ ನಗಲಿ."

ಸೆಲೀನಾ ಹೋದ ಮೇಲೆ ಪಕ್ಕದ ಮನೆಯ ಅತೀಯಾ ಬಂದಳು. "ದೊಡ್ಡವ್ವ, ಸೆಲೀನಾ ಅಳಕೋತ ಆಟೋ ಹತ್ತಿದ್ಲು. ಅವರವ್ವ ಸಾಯೂ ಮುಂಚೆ ಕೊಟ್ಟ ಗರಿ ಸುಟ್ಟಿಯಂತ?"

ಕನಕಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಅವರವ್ವಂದಾ?"

"ಹೂಂ. ಅದನ್ನ ಇವತ್ತು ಚರ್ಚಿನಾಗ ಸುಟ್ಟು ಬೂದಿ ಹಚ್ಕೊಳ್ಳೋದಿತ್ತಂತ."

"ನನಗ ಯಾಕ ಹೇಳಲಿಲ್ಲ ಅಕಿ?"

"ನೀ ಯಾವತ್ತು ಕೇಳಿದ್ದಿ?"

ಕನಕಮ್ಮ ಎದ್ದು ನೀರೊಲೆಯ ಮುಂದೆ ಕುಕ್ಕರಿಸಿದಳು. ಒಲೆ ಆರಿತ್ತು. ಯಾವುದು ಗರಿಯ ಬೂದಿ, ಯಾವುದು ಕಟ್ಟಿಗೆಯದು ಎಂದು ಬೆರಳಿನಿಂದ ಕೆದಕಿ ನೋಡಿ ಸೋತಳು. ಕಡೆಗೆ ಜಗಲಿಯ ಮೇಲಿನ ತನ್ನ ವಿಭೂತಿ ಡಬ್ಬಿಯನ್ನು ಕಾಗದದ ಮೇಲೆ ಬರಿದು ಮಾಡಿ, ಒಲೆಯ ಬೂದಿಯನ್ನು ಅದಕ್ಕೆ ತುಂಬಿದಳು.

ಸಂಜೆ ಸಿಂಧನೂರಿನ ಚರ್ಚಿನ ಅಂಗಳದಲ್ಲಿ ಫಾದರ್ ಕಬ್ಬಿಣದ ಬಾಣಲೆಯಲ್ಲಿ ಗರಿ ಸುಡುತ್ತಿದ್ದರು. ಹೊಸ ಮುಖ ಕಂಡು ಮಂದಿ ಸರಿದು ದಾರಿ ಕೊಟ್ಟರು. ಕನಕಮ್ಮ ಚಪ್ಪಲಿ ಕಳಚಿ ನೇರ ಹೋಗಿ ಡಬ್ಬಿ ಚಾಚಿದಳು.

"ಇದನ್ನೂ ಕೂಡಿಸ್ರಿ ಫಾದರ್. ನಮ್ಮ ಬೀಗತಿ ಗರಿ. ಗೊತ್ತಿಲ್ದ ಒಲಿಗೆ ಹಾಕೀನಿ. ಕಟ್ಟಿಗಿ ಬೂದೀನೂ ಕೂಡೈತಿ, ಬ್ಯಾರೆ ಮಾಡಾಕ ಬರಲಿಲ್ಲ."

ಫಾದರ್ ಸೆಲೀನಾಳತ್ತ ನೋಡಿದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ತಲೆಯಾಡಿಸಿದಳು. ಅವರು ಡಬ್ಬಿಯಿಂದ ಒಂದು ಹಿಡಿ ತೆಗೆದು, ಚಾ ಸೋಸುವ ಜಾಳಿಗೆಯಲ್ಲಿ ಸೋಸಿ ತಟ್ಟೆಗೆ ಬೆರೆಸಿದರು. ಪೂಜೆಯಲ್ಲಿ ಆ ಬೂದಿಯೇ ಸೆಲೀನಾಳ ಹಣೆಗೆ ಬಂತು. ಕನಕಮ್ಮ ಒಳಗೆ ಬರಲಿಲ್ಲ. ಮುಗಿಯುವವರೆಗೂ ಬಾಗಿಲಲ್ಲಿ ಸೊಸೆಯ ಚೀಲ ಕಾಯುತ್ತ ನಿಂತಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಕನಕಮ್ಮ ಸೆಲೀನಾಳ ಸುಟ್ಟ ಬೆರಳು ಹಿಡಿದು ನೋಡಿದಳು. "ಮುಲಾಮು ಹಚ್ಚಿಲ್ಲ ನೀ. ಮಸ್ಕಿ ಬಸ್ಸು ಯಾವಾಗ ಬರತೈತಿ?"

"ಈಗ ಬರತೈತ್ರಿ."

"ನಾನೂ ಬರ್ತೀನಿ. ವಿಭೂತಿ ಕಾಗದದ ಮ್ಯಾಲ ಸುರುವಿ ಈ ಡಬ್ಬಿ ತಂದೀನಿ. ಉಳಿದ ಬೂದಿ ನಿಮ್ಮವ್ವನ ಸಮಾಧಿ ಮ್ಯಾಲ ಹಾಕಿ ತಪ್ಪಾತಂತೀನಿ. ಆಮ್ಯಾಲ ಮನಿಗೆ ಬರೋದು ಬಿಡೋದು ನಿನ್ನ ಮರ್ಜಿ."

ಸೆಲೀನಾ ಎದುರಿನ ಚಾ ಅಂಗಡಿಯತ್ತ ನೋಡಿದಳು. ಆಮೇಲೆ, "ಚಾ ಕುಡೀತೀರೇನ್ರಿ?" ಎಂದಳು.

"ನೀ?"

"ನನಗಿವತ್ತು ಉಪವಾಸ."

"ಹಂಗಾರ ನನಗೂ ಬ್ಯಾಡ. ಕೋಳಿ ಏನ್ ಕೊಯ್ದಿಲ್ಲಲ್ಲ ಇವತ್ತು."

ಬಸ್ಸು ಬಂತು. ಕನಕಮ್ಮ ಚೀಲ ಹಿಡಿದು ಮೊದಲು ಹತ್ತಿದಳು. ಕಿಟಕಿ ಪಕ್ಕ ಕೂತು ಸೆಲೀನಾ ಗಂಡನಿಗೆ ಫೋನ್ ಮಾಡಿದಳು.

"ರೀ, ನಾನೂ ಅತ್ತೀನೂ ನಾಳೆ ಸಂಜೀಕ ಬರ್ತೀವಿ. ಜಗಲಿ ಮುಂದ ದೀಪ ಹಚ್ಚೋದು ಮರೀಬ್ಯಾಡ್ರಿ. ವಿಭೂತಿ ಕಾಗದದ ಮ್ಯಾಲೈತಿ... ಫ್ಯಾನ್ ಹಾಕಬ್ಯಾಡ್ರಿ, ಹಾರಿ ಹೊಕ್ಕೈತಿ."