ಆನೆ ಕೊಂದ ಮನುಷ್ಯ

ಅರಣ್ಯ ಕಚೇರಿಯ ಜಗುಲಿಯ ಮೇಲೆ ಗಾರ್ಡ್ ಅಂಗೈಯಗಲದ ಯಂತ್ರವೊಂದನ್ನು ಚಿಕ್ಕತಾಯಮ್ಮನ ಬಾಯಿಯ ಹತ್ತಿರ ಹಿಡಿದ. ಅದರ ಮೇಲೆ ಸಣ್ಣ ಹಸಿರು ದೀಪ ಉರಿಯುತ್ತಿತ್ತು.

"ನೀವು ಯಾರು ಅಂತ ಹೇಳಿ."

ಹಿಂದಿನ ದಿನವಷ್ಟೇ ಗಂಡನನ್ನು ಮಣ್ಣು ಮಾಡಿ ಬಂದಿದ್ದ ಅವಳಿಗೆ ಅದಕ್ಕಿಂತ ಬೇರೆ ಪರಿಚಯ ತೋಚಲಿಲ್ಲ. "ಆನೆ ಕೊಂದ ಮನ್ಸನ ಹೆಂಡ್ತಿ ಕನಪ್ಪ ನಾನು," ಎಂದಳು.

ಅವಳ ಬಾಯಿ ಮುಚ್ಚುವ ಮೊದಲೇ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು. ಗಾರ್ಡ್ ಅದನ್ನು ಓದಲಿಲ್ಲ. ಓದುವ ಅಗತ್ಯ ಇರಲೂ ಇಲ್ಲ. ಅವಳ ಹೆಬ್ಬೆರಳನ್ನು ಪರದೆಗೆ ಒತ್ತಿಸಿ, "ಆಯ್ತು, ಹೋಗಿ," ಎಂದ.

ಆ ಯಂತ್ರದ ಹೆಸರು 'ಕೊಂಡಿ'. ದೇಶದ ನ್ಯಾಯಾಲಯ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲೆಲ್ಲ ಅದು ಬಂದು ಕೆಲವು ವರ್ಷಗಳಾಗಿದ್ದವು. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅದು ಕೂಡಲೇ ಇಂಗ್ಲಿಷಿನಲ್ಲಿ ದಾಖಲೆ ಬರೆಯುತ್ತಿತ್ತು. ಅದಕ್ಕೂ ಮುಂಚಿನ ಯಂತ್ರಗಳು ಉದ್ದನೆಯ ಮಾತು ಬಂದರೆ ಮುಗ್ಗರಿಸುತ್ತಿದ್ದವು. ಕಾರಣ ಸರಳ. ಕನ್ನಡದಲ್ಲಿ 'ನಿನ್ನೆ ಬಂದ ಹುಡುಗಿ' ಎಂದು ಕ್ರಿಯೆಯನ್ನು ಹೆಸರಿಗೂ ಮೊದಲೇ ಪೋಣಿಸಿದರೆ ಸಾಕು. ಇಂಗ್ಲಿಷಿಗೆ ಹೆಸರು ಮೊದಲು ಬೇಕು, ಆಮೇಲೆ 'ಹೂ', 'ವಿಚ್', 'ದಟ್' ಎಂಬ ಪುಟ್ಟ ಸರ್ವನಾಮವೊಂದು ಬಂದು ಹಿಂದಿನ ಮಾತಿಗೆ ಮುಂದಿನ ಮಾತನ್ನು ಗಂಟು ಹಾಕಬೇಕು. ಗಂಟು ಎಲ್ಲಿ ಹಾಕಬೇಕೆಂದು ಯಂತ್ರಗಳಿಗೆ ತಿಳಿಯುತ್ತಿರಲಿಲ್ಲ. ಕೊಂಡಿಯನ್ನು ರೂಪಿಸಿದ ಡಾ. ಮಂದಾಕಿನಿ ಸವಣೂರ ಅದನ್ನು ಕಲಿಸಿದರು. ಮಾತಾಡುವವರ ಉಸಿರು, ದನಿಯ ಏರಿಳಿತ, ಯಾವ ವಿಷಯದ ಕಡತ ತೆರೆದಿದೆ ಎಂಬುದು, ಇಷ್ಟನ್ನೂ ಕೂಡಿಸಿ ಕೊಂಡಿ ಎಲ್ಲಿ ಯಾವ ಸರ್ವನಾಮ ಹಾಕಬೇಕೆಂದು ತೀರ್ಮಾನಿಸುತ್ತಿತ್ತು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಮೂಲ ಧ್ವನಿಯನ್ನು ಉಳಿಸಿಕೊಳ್ಳುವ ಅಗತ್ಯವಿಲ್ಲ, ಇಂಗ್ಲಿಷ್ ಸಾಲೇ ಮೂಲ ದಾಖಲೆ ಎಂದು ಸರ್ಕಾರ ನಿಯಮ ಮಾಡಿತು.

ಚಿಕ್ಕತಾಯಮ್ಮನ ಗಂಡ ಗುರುಮಲ್ಲನ ಹೆಣ ಸಿಕ್ಕಿದ್ದು ಚಾಮರಾಜನಗರದ ಆಚೆ, ಪಾಳುಬಿದ್ದ ಕರಿಕಲ್ಲು ಕ್ವಾರಿಯ ಅಂಚಿನಲ್ಲಿ. ಅದೇ ಕ್ವಾರಿಯ ಗುಂಡಿಯೊಳಗೆ ಆನೆಯೂ ಸತ್ತು ಬಿದ್ದಿತ್ತು. ಗುಂಡಿಗೆ ಬೇಲಿ ಹಾಕಬೇಕಿದ್ದ ಕಂಪನಿ ಹಾಕಿರಲಿಲ್ಲ. ಏನಾಯಿತೆಂದು ಕಂಡವರು ಯಾರೂ ಇರಲಿಲ್ಲ.

ಕೆಲವು ತಿಂಗಳ ನಂತರ ಅವಳಿಗೆ ನೋಟಿಸ್ ಬಂತು. ಅಂಚೆಯವನ ಕೈಯಲ್ಲಿದ್ದ ಕೊಂಡಿ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿತು. "ಆನೆಯನ್ನು ಕೊಂದ ಮನುಷ್ಯನ ಹೆಂಡತಿಯಾದ ನೀವು ಪರಿಹಾರಕ್ಕೆ ಅರ್ಹರಲ್ಲ. ಮೃತನ ಕೃತ್ಯವನ್ನು ನೀವೇ ಒಪ್ಪಿಕೊಂಡಿದ್ದೀರಿ."

"ಆನೆಯನ್ನು?" ಎಂದಳು ಚಿಕ್ಕತಾಯಮ್ಮ. "ನಾ ಹಂಗಂದಿಲ್ಲ ಕನ!"

"ಅಂದಿದ್ದೀರಂತಲ್ಲ, ಹೆಬ್ಬೆಟ್ಟೂ ಇದೆ," ಎಂದು ಅಂಚೆಯವನು ಗಾಡಿ ಹತ್ತಿದ.

ಆನೆ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದ ಅವಳನ್ನು ಅದೇ ವಾರ ಕೆಲಸದಿಂದ ತೆಗೆದರು. ಮಾವುತರು ಅವಳನ್ನು ಕಂಡರೆ ಮುಖ ತಿರುಗಿಸಿದರು. ಗುರುಮಲ್ಲ ಪಟಾಕಿ ಹಚ್ಚಿ ಆನೆಯನ್ನು ಗುಂಡಿಗೆ ಅಟ್ಟಿದ, ಬೀಳುವ ಮುನ್ನ ಅದು ಅವನನ್ನು ಅಪ್ಪಳಿಸಿತು ಎಂದು ಕ್ವಾರಿ ಕಂಪನಿ ಕತೆ ಕಟ್ಟಿತು. ಆ ಕತೆಗೆ ಇದ್ದ ಒಂದೇ ಆಧಾರ ಅವಳ ಸಾಲು.

ಕೊಳ್ಳೇಗಾಲದ ವಕೀಲೆ ನಫೀಸಾ ಮೊಕದ್ದಮೆ ಹಿಡಿದು, ಮಂದಾಕಿನಿಯವರನ್ನು ಹುಡುಕಿಕೊಂಡು ಮೈಸೂರಿನ ಅವರ ಪ್ರಯೋಗಾಲಯಕ್ಕೆ ಹೋದಳು. ಅವರು ಕೂರಲೂ ಹೇಳಲಿಲ್ಲ.

"ಯಂತ್ರ ತಪ್ಪು ಮಾಡಿಲ್ಲ," ಎಂದರು ಮಂದಾಕಿನಿ. "'ಆನೆ ಕೊಂದ ಮನುಷ್ಯ' ಅಂದ್ರೆ ಆನೆ ಯಾರನ್ನ ಕೊಂತೋ ಅವನೂ ಹೌದು, ಆನೇನ ಯಾರು ಕೊಂದನೋ ಅವನೂ ಹೌದು. ಇಂಗ್ಲಿಷ್‌ನಲ್ಲಿ ಎರಡನ್ನೂ ಒಂದೇ ಸಾಲಲ್ಲಿ ಇಡೋಕಾಗಲ್ಲ. 'ಹೂ' ಹಾಕಿದ್ರೆ ಅವನು ಕೊಂದವನು. 'ಹೂಮ್' ಹಾಕಿದ್ರೆ ಸತ್ತವನು. ತೆರೆದಿದ್ದ ಕಡತ ಆನೆ ಸಾವಿಂದು. ಹಾಗಾಗಿ 'ಹೂ' ಹಾಕಿದೆ."

"ನಿಮಗೆ ಕನ್ನಡ ಬರುತ್ತಲ್ಲ ಮೇಡಂ? ಮೊನ್ನೆ ತಾನೆ ಗಂಡನ್ನ ಕಳಕೊಂಡೋಳು ಹಾಗಂದ್ರೆ ನಿಮಗೆ ಏನು ಕೇಳಿಸ್ತದೆ?"

"ನನಗೇನು ಕೇಳಿಸ್ತದೆ ಅನ್ನೋದು ಸಾಕ್ಷಿ ಅಲ್ಲ. ನಿಮ್ಮ ಕಕ್ಷಿದಾರಳು ಸರಿಯಾಗಿ ಮಾತಾಡಬೇಕಿತ್ತು."

ನಫೀಸಾ ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟಳು.

ವಿಚಾರಣೆಗೆ ಮಂದಾಕಿನಿ ಬಂದರು, ಆದರೆ ಕಂಪನಿಯ ಕಡೆಯ ಸಾಕ್ಷಿಯಾಗಿ. ನ್ಯಾಯಾಧಿಕರಣದ ಅಧ್ಯಕ್ಷರಿಗೆ ಕನ್ನಡ ಬಾರದು. ಅವರು ದೆಹಲಿಯಿಂದ ಗೋಡೆಯ ಪರದೆಯಲ್ಲಿ ಕಾಣಿಸಿಕೊಂಡಿದ್ದರು. ಕಂಪನಿಯ ವಕೀಲ ದಿವಾಕರ ಪಂಡಿತ್ ಮೊದಲು ಚಿಕ್ಕತಾಯಮ್ಮನನ್ನು ಕಟಕಟೆಗೆ ಕರೆಸಿ, ಅಂದು ಆಡಿದ್ದ ಮಾತನ್ನೇ ಮತ್ತೆ ಆಡಲು ಹೇಳಿದರು. ಅವಳು ಆಡಿದಳು. ಕೊಂಡಿ ಅಂದಿನ ಸಾಲನ್ನೇ ಮತ್ತೆ ಬರೆಯಿತು. ಪರದೆಯ ಮೇಲಿನ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಪಂಡಿತ್ ಮುಖದಲ್ಲಿ ನಗು ಕಂಡು ಅವಳು ಕಿರುಚಿದಳು: "ನನ್ ಗಂಡನ್ನ ಆನೆ ತುಳುದು ಕೊಂದಾಕ್ತು ಕನ್ರಯ್ಯಾ!"

ಕೊಂಡಿ ಅದನ್ನೂ ಚಾಚೂ ತಪ್ಪದೆ ಬರೆಯಿತು.

"ನೋಡಿ ಸ್ವಾಮಿ," ಎಂದರು ಪಂಡಿತ್. "ಮೊದಲು ಗಂಡ ಆನೆಯನ್ನು ಕೊಂದ ಅಂತಾರೆ. ಈಗ ಆನೆ ಗಂಡನನ್ನು ಕೊಂತು ಅಂತಾರೆ. ಹೇಳಿಕೆ ಬದಲಾಯಿಸ್ತಿದ್ದಾರೆ. ಡಾಕ್ಟ್ರೇ, ಯಂತ್ರ ಎರಡು ಸಲವೂ ಸರಿಯಾಗೇ ಕೆಲಸ ಮಾಡಿದೆಯೋ?"

"ಮಾಡಿದೆ," ಎಂದರು ಮಂದಾಕಿನಿ.

ನಫೀಸಾ ಎದ್ದಳು. "ನಿಮ್ಮ ಮೊದಲ ಮಾದರಿಯ ಪೇಟೆಂಟ್ ಓದಿದ್ದೀನಿ. ಅರ್ಥ ಎರಡಿದ್ದಾಗ ಅದು ಏನು ಮಾಡ್ತಿತ್ತು?"

ಮಂದಾಕಿನಿಯವರ ಮುಖ ಬಿಗಿಯಿತು. "ನಿಲ್ಲುತ್ತಿತ್ತು."

"ನಿಂತು?"

"ಮಾತಾಡಿದವರನ್ನೇ ಕೇಳುತ್ತಿತ್ತು."

"ಈಗ ಯಾಕೆ ಕೇಳಲ್ಲ?"

"ಕಚೇರಿಗಳು ಬೇಡ ಅಂದವು. ಜನರ ಸಾಲು ಬೆಳೆಯುತ್ತೆ, ಸಾಹೇಬರು ಕಾಯಬೇಕಾಗುತ್ತೆ ಅಂದರು. ಒಂದು ಯಂತ್ರ ಮೂಲೆ ಸೇರೋದಕ್ಕಿಂತ ಬಳಕೆಗೆ ಬರೋದು ಒಳ್ಳೇದು ಅಂತ ಆ ಭಾಗ ಮುಚ್ಚಿದೆ. ಇವತ್ತು ಕೇಳಿದರೂ ಅದನ್ನೇ ಮಾಡ್ತೀನಿ."

"ಮುಚ್ಚಿದೀರಿ. ಕಿತ್ತು ಹಾಕಿಲ್ಲ?"

"ಇಲ್ಲ."

ನಫೀಸಾ ಅಧ್ಯಕ್ಷರತ್ತ ತಿರುಗಿ ಆ ಭಾಗವನ್ನು ಈಗಲೇ ತೆರೆಸಬೇಕೆಂದು ಕೇಳಿದಳು. ಪಂಡಿತ್ ಮೇಜು ಬಡಿದು ಆಕ್ಷೇಪಿಸಿದರು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಏನೋ ಹೇಳಿದರು. "ಆಕ್ಷೇಪಣೆ ತಳ್ಳಿಹಾಕಲಾಗಿದೆ, ತೆರೆಯತಕ್ಕದ್ದು," ಎಂದು ಕೊಂಡಿ ಕನ್ನಡದಲ್ಲಿ ನುಡಿಯಿತು.

ಮಂದಾಕಿನಿ ಮನಸ್ಸಿಲ್ಲದ ಮನಸ್ಸಿನಿಂದ ಯಂತ್ರದ ಹತ್ತಿರ ಬಂದು ತಮ್ಮ ಗುರುತಿನ ಸಂಕೇತ ಒತ್ತಿದರು. ಚಿಕ್ಕತಾಯಮ್ಮ ಅವರತ್ತ ನೋಡಲಿಲ್ಲ. ಯಂತ್ರದತ್ತ ಬಗ್ಗಿ, ಉಗುಳುವಂತೆ ಹೇಳಿದಳು. "ಆನೆ ಕೊಂದ ಮನ್ಸನ ಹೆಂಡ್ತಿ ನಾನು."

ಪರದೆ ಖಾಲಿಯಾಗಿಯೇ ಉಳಿಯಿತು. ಹಸಿರು ದೀಪ ಹಳದಿಗೆ ತಿರುಗಿತು. ಆಮೇಲೆ ಕೊಂಡಿ ಮೆಲುದನಿಯಲ್ಲಿ ಕೇಳಿತು:

"ಅಮ್ಮಾ, ಕೊಂದಿದ್ದು ಯಾರು? ಆನೆಯೋ, ಮನುಷ್ಯನೋ?"

ಚಿಕ್ಕತಾಯಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಗುದ್ದಿದಳು.

"ಈಗ ಕೇಳೀಯಾ? ಹೆಣ ಮಣ್ಣು ಮಾಡ್ದೋ, ಇನ್ನೂ ಮಣ್ಣು ಆರಿರ್ನಿಲ್ಲ, ಅವತ್ತು ಕೇಳ್ಬಾರ್ದಾಗಿತ್ತಾ? ಕೂಳು ಕಿತ್ಕಂಡ್ರಿ. ಸತ್ತೋನ್ನ ಕೊಲೆಗಾರ ಅಂದ್ರಿ. ಈಗ ಬಂದು ಅಮ್ಮಾ ಅಂದೀಯಾ? ನಿನ್ ದನಿ ಅಡಗೋಗ!"

ಈ ಮಾತಿನಲ್ಲಿ ಎರಡು ಅರ್ಥ ಇರಲಿಲ್ಲ. ಕೊಂಡಿ ಎಲ್ಲಿಯೂ ನಿಲ್ಲದೆ ಪೂರ್ತಿ ಬರೆಯಿತು. ದೆಹಲಿಯ ಪರದೆಯಲ್ಲಿ ಅಧ್ಯಕ್ಷರು ಅದನ್ನು ಓದಿ, ಕನ್ನಡಕ ತೆಗೆದಿಟ್ಟರು.

ಅರಣ್ಯ ಕಚೇರಿಯಲ್ಲಿ ಬರೆದಿದ್ದ ಆ ಮೊದಲ ಸಾಲನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ಅದು ಹೋದ ಮೇಲೆ ಕಂಪನಿಯ ಕತೆಗೆ ನಿಲ್ಲಲು ನೆಲೆ ಉಳಿಯಲಿಲ್ಲ. ಗುರುಮಲ್ಲನ ಮೇಲಿನ ಆರೋಪ ಬಿದ್ದುಹೋಯಿತು. ಪರಿಹಾರ ಕೊಡಬೇಕೆಂದೂ, ಬೇಲಿಯಿಲ್ಲದ ಗುಂಡಿಗೆ ಕಂಪನಿ ಉತ್ತರ ಹೇಳಬೇಕೆಂದೂ ಆದೇಶವಾಯಿತು.

ಹೊರಗೆ ಬೇವಿನ ಮರದ ಕೆಳಗೆ ನಫೀಸಾಳೊಂದಿಗೆ ನಿಂತಿದ್ದ ಚಿಕ್ಕತಾಯಮ್ಮನ ಬಳಿಗೆ ಮಂದಾಕಿನಿ ಬಂದರು. "ನಿಮಗೆ ತೊಂದರೆಯಾಯಿತು..." ಎಂದು ಶುರುಮಾಡಿದರು.

"ನನ್ ಮಾತಾಡಿಸ್ಬ್ಯಾಡಿ," ಎಂದಳು ಅವಳು. "ನಿಮ್ ಕೂಡೆ ಆಡಾಕೆ ನಂಗೇನೂ ಇಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು.

ಮುಂದೆ ಎಲ್ಲ ಯಂತ್ರಗಳಲ್ಲಿಯೂ ಆ ಭಾಗವನ್ನು ತೆರೆಯಬೇಕೆಂದು ಕಾನೂನಾಯಿತು. ಆದರೆ ಹಳೆಯ ದಾಖಲೆಗಳ ಪ್ರಶ್ನೆ ಬಂದಾಗ, ಮೂಲ ಧ್ವನಿಗಳೇ ಇಲ್ಲವಾದ್ದರಿಂದ ಅವು ಇದ್ದಂತೆಯೇ ಇರಲಿ ಎಂದು ತೀರ್ಮಾನವಾಯಿತು. ಆ ದಾಖಲೆಗಳಲ್ಲಿ ಎಷ್ಟು ಮಂದಿ ಹೊಡೆದವರು ಹೊಡೆಸಿಕೊಂಡವರಾಗಿದ್ದರೋ, ಎಷ್ಟು ಮಂದಿ ಮೋಸಹೋದವರು ಮೋಸಗಾರರಾಗಿದ್ದರೋ ಮಂದಾಕಿನಿಯವರಿಗೂ ಗೊತ್ತಿರಲಿಲ್ಲ. ಕೇಳಿದ ಪತ್ರಕರ್ತರ ಮೇಲೆ ಅವರು ರೇಗಿದರು. ಆದರೆ ರಾತ್ರಿಯ ಊಟ ಅವರಿಗೆ ಸೇರದಾಯಿತು.

ಯಂತ್ರಗಳನ್ನೆಲ್ಲ ದುರಸ್ತಿಗೆ ಒಯ್ದಿದ್ದ ದಿನಗಳಲ್ಲಿ ಅವರೊಮ್ಮೆ ಆಸ್ಪತ್ರೆಗೆ ಹೋಗಬೇಕಾಯಿತು. ನೋಂದಣಿಯ ಕಿಟಕಿಯಲ್ಲಿ ಕೊಂಡಿ ಇರಲಿಲ್ಲ. ಅದರ ಜಾಗದಲ್ಲಿ, ಬಹಳ ಹಿಂದಿನಂತೆ, ಗುಮಾಸ್ತನೊಬ್ಬ ಪೆನ್ನು ಹಿಡಿದು ಕೂತಿದ್ದ. ಅವರ ಮುಂದೆ ನಿಂತಿದ್ದ ಮುದುಕ ತನ್ನ ಹೆಂಡತಿಗೆ ಏನಾಯಿತು, ಯಾರು ಕೊಟ್ಟ ಔಷಧಿ, ಅದನ್ನು ಕುಡಿದ ಮೇಲೆ ಏನಾಯಿತು ಎಂದು ತೊದಲುತ್ತ ಕನ್ನಡದಲ್ಲಿ ಹೇಳುತ್ತಿದ್ದ. ಗುಮಾಸ್ತ ತಲೆಯೆತ್ತದೆ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದ. ಅವನ ಕೈ ಎಲ್ಲಿಯೂ ನಿಲ್ಲಲಿಲ್ಲ.

"ಅವರು ಹೇಳಿದ್ದನ್ನ ಏನಂತ ಬರೆದಿರಿ?" ಎಂದು ಮಂದಾಕಿನಿ ಕೇಳಿದರು. "ಒಂದ್ಸಲ ಅವರಿಗೆ ಓದಿ ಹೇಳಿ."

ಗುಮಾಸ್ತ ಕಣ್ಣು ಕೆಕ್ಕರಿಸಿದ. "ನಿಮಗ್ಯಾಕ್ರೀ ಅದೆಲ್ಲ? ಹಿಂದೆ ನಿಂತಿರೋರು ಕಾಣಲ್ವಾ?"

ಸಾಲಿನಲ್ಲಿದ್ದವರು ಗೊಣಗಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಮುದುಕನಿಗೆ. "ಸುಮ್ಕಿರಿ ತಾಯಿ, ಸಾಯೇಬ್ರು ಸರಿಯಾಗೇ ಬರ್ದಿರ್ತಾರೆ," ಎಂದು ಅವರನ್ನು ಗದರಿ, ಗುಮಾಸ್ತ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದ.